ಸತ್ಯಾಂಶ: ಗಾಯದ ಊತ ‘ಕೆಟ್ಟ ರಕ್ತ’ವೇ?

‘ಗಾಯ ಕೆಂಪಾಗಿ ಊದಿದರೆ ಕೆಟ್ಟ ರಕ್ತ ಸೇರಿದೆ, ಸೂಜಿಯಿಂದ ಚುಚ್ಚಿ ಹೊರಗೆ ಬಿಡಿ’ ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಈ ಊತ ಕೆಟ್ಟ ರಕ್ತವಲ್ಲ, ರೋಗಾಣುಗಳ ವಿರುದ್ಧ ದೇಹದ ರಕ್ಷಣೆ. ದಯವಿಟ್ಟು ಚುಚ್ಚಬೇಡಿ, ಹೊಸ ಸೋಂಕಿಗೆ ನೀವೇ ಬಾಗಿಲು ತೆರೆದಂತಾಗುತ್ತದೆ.

ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶದ ಹೊರಪೊರೆಯಲ್ಲಿ ರೋಗಾಣುಗಳ ಗುರುತು ಹಿಡಿಯುವ, ಟಿಎಲ್‌ಆರ್ ಎಂಬ ಗ್ರಾಹಕಗಳಿವೆ. ಚರ್ಮದ ಗಾಯಗಳಲ್ಲಿ ಸಾಮಾನ್ಯವಾದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಲಿಪೊಪ್ರೋಟೀನ್‌ಗಳನ್ನು (ಕೊಬ್ಬು ಅಂಟಿದ ಪ್ರೋಟೀನ್) ಟಿಎಲ್‌ಆರ್-2 ಗುರುತಿಸುತ್ತದೆ, ಇ. ಕೋಲಿ ಬ್ಯಾಕ್ಟೀರಿಯಾದ ಹೊರಕವಚದ ಲಿಪೊಪಾಲಿಸ್ಯಾಕರೈಡನ್ನು (ಕೊಬ್ಬು ಮತ್ತು ಸಕ್ಕರೆ ಸರಪಳಿ ಸೇರಿದ ಅಣು) ಟಿಎಲ್‌ಆರ್-4. ಗುರುತು ಸಿಕ್ಕೊಡನೆ ಕೋಶವು ಟಿಎನ್‌ಎಫ್ ಮುಂತಾದ ಸೈಟೊಕೈನ್‌ಗಳನ್ನು (ಇತರ ಕೋಶಗಳಿಗೆ ಸಂದೇಶ ನೀಡುವ ಪ್ರೋಟೀನ್) ಸ್ರವಿಸುತ್ತದೆ. ಸುತ್ತಲಿನ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗಿ ಬಿಸಿಯೇರುತ್ತದೆ. ನಾಳದಿಂದ ದ್ರವ ಜಿನುಗಿ ಊತ ಬರುತ್ತದೆ, ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೂ ಹೊರಬರುತ್ತವೆ. ಟಿಎಲ್‌ಆರ್-4ರ ಪಾತ್ರವನ್ನು 1998ರಲ್ಲಿ ತೋರಿಸಿದ ವಿಜ್ಞಾನಿ ಬ್ರೂಸ್ ಬ್ಯೂಟ್ಲರ್ 2011ರ ನೊಬೆಲ್ ಹಂಚಿಕೊಂಡರು.

ಹಾಗೆಂದು ಊತವನ್ನು ಕಡೆಗಣಿಸುವಂತಿಲ್ಲ. ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಅಷ್ಟೂ ಕಾಯಬಾರದು.