ಹಸಿರು ದೀಪ ಉರೀತಿದೆಯಲ್ಲ!

ಗಡಸು ನೀರಿನ ಮನೆ ಅಂತ ಗೊತ್ತಾಗೋಕೆ ಬಾತ್‌ರೂಮಿಗೆ ಹೋಗಿ ಶವರ್ ತಿರುಗಿಸಿದರೆ ಸಾಕು. ಅರ್ಧ ತೂತುಗಳು ಮುಚ್ಚಿಹೋಗಿರುತ್ತವೆ, ಉಳಿದವು ತಮಗೆ ತೋಚಿದ ದಿಕ್ಕಿಗೆ ನೀರು ಚಿಮ್ಮಿಸುತ್ತವೆ. ನಮ್ಮನೇಲಿ ಶವರ್ ಕೆಳಗೆ ನಿಂತವರಿಗಿಂತ ಪಕ್ಕದಲ್ಲಿ ನೇತುಹಾಕಿದ ಟವೆಲ್ಲಿಗೇ ಚೆನ್ನಾಗಿ ಸ್ನಾನವಾಗುತ್ತೆ. ಕನ್ನಡಿ, ನಲ್ಲಿ, ಬಕೆಟ್ಟು, ಎಲ್ಲದರ ಮೇಲೂ ಬಿಳಿ ಕಲೆ. ಸೋಪು ಸವೆಯುತ್ತೆ, ನೊರೆ ಮಾತ್ರ ಬರಲ್ಲ.

ಇದಕ್ಕೆಲ್ಲ ಒಂದೇ ಮದ್ದು ಅಂತ ನಮ್ಮವರು ಅಂಗೈಯಗಲದ ಡಬ್ಬಿಯೊಂದನ್ನು ತಂದರು. ಎಲೆಕ್ಟ್ರಾನಿಕ್ ವಾಟರ್ ಕಂಡೀಷನರ್. ಅದರಿಂದ ಹೊರಟ ವಯರನ್ನು ನೀರಿನ ಪೈಪಿಗೆ ಸುತ್ತಿ ಪ್ಲಗ್ ಹಾಕಬೇಕು, ಅಷ್ಟೇ. ಪೈಪ್ ಕೊಯ್ಯೋದು ಬೇಡ, ಉಪ್ಪು ಸುರಿಯೋದು ಬೇಡ, ನೀರನ್ನು ಮುಟ್ಟೋದೂ ಬೇಡ. ಹಸಿರು ದೀಪ ಹತ್ತಿತು. "ನೋಡು, ಕೆಲಸ ಶುರು" ಅಂದರು. ಆ ದೀಪಕ್ಕೆ ಗೊತ್ತಿರೋದು ಒಂದೇ ವಿಷಯ: ಕರೆಂಟ್ ಇದೆ.

ಆ ಬಿಳಿ ಕಲೆಯೇ ಸುಣ್ಣ, ಅದರ ಕತೆ ನಿಜಕ್ಕೂ ಸ್ವಾರಸ್ಯದ್ದು. ನೀರು ನೆಲದೊಳಗೆ ಕಲ್ಲುಗಳ ನಡುವೆ ಇಳಿದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಇವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಅಳೆದಾಗ ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ಅತಿ ಗಡಸು ಅನ್ನುವುದು ವಾಡಿಕೆ. ಸಕ್ಕರೆಗೆ ಬಿಸಿನೀರು ಇಷ್ಟ. ಸುಣ್ಣದ್ದು ಉಲ್ಟಾ ಸ್ವಭಾವ, ನೀರು ಕಾದಷ್ಟೂ ಅದು ಕರಗಿರಲು ಒಪ್ಪಲ್ಲ. ನೀರಲ್ಲಿ ಕ್ಯಾಲ್ಸಿಯಂ ಜೊತೆ ಕರಗಿರುವ ಬೈಕಾರ್ಬೊನೇಟ್ ಒಡೆದು, ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಮ್ಮ ಸುಣ್ಣ, ಗೀಸರಿನ ಎಲಿಮೆಂಟ್ ಮೇಲೆ ಕೂತುಬಿಡುತ್ತೆ. ಉಪ್ಪು ಬೇಡುವ ಸಾಫ್ಟ್‌ನರ್ ಈ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ. ಅದು ನೇರ ವ್ಯವಹಾರ. ನಮ್ಮ ಡಬ್ಬಿ ಏನನ್ನೂ ತೆಗೆಯಲ್ಲ. ವಯರಿನಿಂದ ಹೊರಡುವ ವಿದ್ಯುತ್ಕಾಂತೀಯ ಅಲೆ ಸುಣ್ಣದ ಹರಳಿನ ಆಕಾರವನ್ನೇ ಬದಲಿಸುತ್ತೆ, ಕಚ್ಚಿಕೊಳ್ಳುವ ಕ್ಯಾಲ್ಸೈಟ್ ಆಗುವ ಬದಲು ಅದು ಅರಾಗೊನೈಟ್ ಆಗಿ ನೀರಿನ ಜೊತೆ ಹರಿದುಹೋಗುತ್ತೆ ಅನ್ನೋದು ಅದರ ವಾದ. ಅಂದರೆ ಸುಣ್ಣವನ್ನು ಮನೆಯಿಂದ ಹೊರಗೆ ಹಾಕೋದಲ್ಲ, ಬುದ್ಧಿ ಹೇಳಿ ತಿದ್ದೋದು. ಪೈಪಿನ ಸುತ್ತ ಅಯಸ್ಕಾಂತ ಇಟ್ಟು ಹೀಗೆ ತಿದ್ದುವ ಉಪಾಯಕ್ಕೆ ಬೆಲ್ಜಿಯಮ್ಮಿನಲ್ಲಿ 1945ರಲ್ಲೇ ಪೇಟೆಂಟ್ ಸಿಕ್ಕಿದೆ. ಅಂದಿನಿಂದ ಪ್ರಯೋಗ ನಡೀತಾನೇ ಇದೆ. ಒಬ್ಬರಿಗೆ ಪರಿಣಾಮ ಕಾಣುತ್ತೆ, ಇನ್ನೊಬ್ಬರಿಗೆ ಏನೂ ಕಾಣಲ್ಲ.

ನಮ್ಮವರಿಗೆ ಮಾತ್ರ ಎಲ್ಲದರಲ್ಲೂ ಕಾಣುತ್ತೆ. ಬಕೆಟ್ಟಿನಲ್ಲಿ ಬಿಳಿ ಚೂರು ಬಿದ್ದರೆ, "ಹಳೇ ಸುಣ್ಣ ಕಿತ್ತು ಬರ್ತಿದೆ." ಬೀಳದಿದ್ದರೆ, "ಹೊಸದು ಕಟ್ತಾ ಇಲ್ಲ." ನಲ್ಲಿ ಮೇಲೆ ಹೊಸ ಕಲೆ ತೋರಿಸಿದರೆ, "ಇದು ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗ್ತಿತ್ತು." ಈ ಮೂರನೆಯ ಮಾತಿಗೆ ಎದುರಾಡೋಕೆ ಯಾರಿಂದಲೂ ಆಗಲ್ಲ. ಆಗದೇ ಹೋದದ್ದನ್ನು ಎಲ್ಲಿಂದ ತಂದು ತೋರಿಸೋದು?

ನಾನೂ ಬಿಡಲಿಲ್ಲ, ಗಡಸುತನ ಅಳೆಯುವ ಕಿಟ್ ತರಿಸಿದೆ. ಪುಟ್ಟ ಸೀಸೆಗೆ ನೀರು ಹಾಕಿ, ಕೆಂಪು ಬಣ್ಣ ನೀಲಿಗೆ ತಿರುಗೋ ತನಕ ಹನಿ ಎಣಿಸೋದು. ಡಬ್ಬಿ ದಾಟಿ ಬಂದ ನೀರಿಗೂ ದಾಟದ ನೀರಿಗೂ ಹನಿಯ ಲೆಕ್ಕ ಒಂದೇ. ಗೆದ್ದೆ ಅಂದುಕೊಂಡು ಕರೆದು ತೋರಿಸಿದರೆ ಇವರು ಕೈಪಿಡಿ ಬಿಚ್ಚಿದರು. "ಗಡಸುತನ ಕಡಿಮೆಯಾಗುತ್ತೆ ಅಂತ ಇವರೆಲ್ಲೂ ಹೇಳೇ ಇಲ್ಲವಲ್ಲ!" ನಿಜ, ಹೇಳಿಲ್ಲ. ಹಾಗಾಗಿ ಸೋಪಿನ ನೊರೆಯ ಆಸೆಯನ್ನು ಅವತ್ತೇ ಕೈಬಿಟ್ಟೆ. ಗೋಡೆ, ಕನ್ನಡಿ ಮೇಲಿನ ಹನಿಯೂ ಅಷ್ಟೇ: ನೀರು ಆರಿಹೋದರೆ ಅದರಲ್ಲಿದ್ದ ಸುಣ್ಣ ಅಲ್ಲೇ ಉಳೀಬೇಕು, ಅದರ ಆಕಾರ ಏನಾದರೂ ಇರಲಿ.

ಅಷ್ಟರಲ್ಲಿ ಗೀಸರ್ ಕೊತಕೊತ ಸದ್ದು ಮಾಡೋಕೆ ಶುರುಮಾಡಿತು. ಪ್ಲಂಬರ್ ಬಂದು ಬೋಲ್ಟ್ ಬಿಚ್ಚಿ ಎಲಿಮೆಂಟ್ ಎಳೆದ. ಸಲೀಸಾಗಿ ಬರಲಿಲ್ಲ. ಬೆರಳು ದಪ್ಪ ಇರಬೇಕಾದ್ದು ಮಣಿಕಟ್ಟಿನ ದಪ್ಪ ಆಗಿತ್ತು. ಸ್ಕ್ರೂಡ್ರೈವರಿನಿಂದ ಕುಟ್ಟಿದ ಹಾಗೆ ಮೊಟ್ಟೆ ಚಿಪ್ಪಿನಂಥ ಚೂರುಗಳು ಬಕೆಟ್ಟಿಗೆ ಉದುರಿದವು. (ಮೊಟ್ಟೆ ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ.) ಉಳಿದದ್ದಕ್ಕೆ ವಿನೆಗರ್ ಸುರಿದ, ಬುಸ್ಸೆಂದು ನೊರೆ ಎದ್ದಿತು. ನಮ್ಮ ಬಾತ್‌ರೂಮಿನಲ್ಲಿ ಅಷ್ಟು ನೊರೆ ನೋಡಿ ವರ್ಷಗಳೇ ಆಗಿದ್ದವು. ಕೈ ಒರೆಸಿಕೊಳ್ಳುತ್ತಾ ಪೈಪಿನ ಕಡೆ ನೋಡಿ ಕೇಳಿದ: "ಸಾರ್, ಇದೇನು, ವೈಫೈನಾ?"

ಇವರು ಉತ್ತರ ಕೊಡಲಿಲ್ಲ. ನನಗೇ ಪಾಪ ಅನ್ನಿಸಿ ಸಮಾಧಾನ ಹೇಳೋಕೆ ಹೋದೆ. "ಇದನ್ನು ಮನೇಲಿ ಪರೀಕ್ಷೆ ಮಾಡೋಕಾಗಲ್ಲ ರೀ. ಜರ್ಮನಿಯಲ್ಲಿ ಇದಕ್ಕಂತಲೇ ಡಬ್ಲ್ಯೂ 512 ಅಂತ ಒಂದು ಪರೀಕ್ಷೆ ಇದೆ. ಒಂದೇ ನೀರನ್ನು ಉಪಕರಣ ಹಾಕಿಯೂ ಹಾಕದೆಯೂ 80 ಡಿಗ್ರಿಗೆ ಕಾಯಿಸಿ, ಎರಡರಲ್ಲೂ ಕೂತ ಸುಣ್ಣ ಅಳೆದು ಹೋಲಿಸ್ತಾರೆ. ನಮ್ಮತ್ರ ಇರೋದು ಒಂದೇ ಗೀಸರು. ಹೇಗೆ ಗೊತ್ತಾಗಬೇಕು?"

"ಅಂದರೆ ಎರಡಿದ್ದರೆ ಗೊತ್ತಾಗುತ್ತೆ ಅನ್ನು."

ಈಗ ಟೇಪು ಹಿಡಿದು ಬಾತ್‌ರೂಮಿನ ಇನ್ನೊಂದು ಗೋಡೆ ಅಳೀತಿದ್ದಾರೆ.