ರುಜು ನೋಡಿ ದುಡ್ಡು ಸುರಿಯಬೇಡಿ

"ಚರ್ಚಿಲ್ ಸಹಿ ಇರುವ ಮೊದಲ ಮಹಾಯುದ್ಧದ ಪ್ರಮಾಣಪತ್ರ, ಅಪರೂಪ!" ಇಂಥ ಮಾತಿನೊಂದಿಗೆ ಮಾರಾಟಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವಕ್ಕೆ ಚರ್ಚಿಲ್‌ನ ಕೈ ಸೋಕಿಯೇ ಇಲ್ಲ. 1919ರಲ್ಲಿ ಆತ ಬ್ರಿಟನ್ನಿನ ಯುದ್ಧಮಂತ್ರಿ. ಸೇನಾಪತಿಗಳ ವರದಿಯಲ್ಲಿ ಹೆಸರು ಬಂದ ಸೈನಿಕರಿಗೆ ಕಳಿಸಿದ ಆ ಪತ್ರದ ಅಡಿಯಲ್ಲಿರುವುದು ಅಚ್ಚಿನ ಸಹಿ. ಮಡಿದವರ ಮನೆಗೆ ಕಂಚಿನ ಫಲಕದೊಂದಿಗೆ ಬಂದ ಐದನೇ ಜಾರ್ಜ್ ದೊರೆಯ ಪತ್ರವೂ ಅಷ್ಟೇ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ನಡೆದ ದಾಳಿಗೆ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಹೊರಡಿಸಿದ, ಅಚ್ಚಿನ ಸಹಿಯ ಆದೇಶಪತ್ರವನ್ನು ಸುಮಾರು 1,75,000 ಮಂದಿಗೆ ಹಂಚಿದರು. ಅಷ್ಟಕ್ಕೂ ಕೂತು ರುಜು ಹಾಕಿದ್ದರೆ ಯುದ್ಧ ಮಾಡಲು ಪುರುಸೊತ್ತೆಲ್ಲಿ? ಆಮೇಲೆ ಆತ ಪೆನ್ನಿನಲ್ಲಿ ಸಹಿ ಮಾಡಿಕೊಟ್ಟ ಪ್ರತಿಗಳೂ ಇವೆ, ಆದರೆ ಅವುಗಳಲ್ಲಿ ಅಚ್ಚಿನ ಸಹಿ ಬೇರೆ, ಶಾಯಿಯ ಸಹಿ ಬೇರೆ.

ಪತ್ತೆ ಹಚ್ಚಲು 10 ಪಟ್ಟು ದೊಡ್ಡದಾಗಿ ಕಾಣಿಸುವ ಲೆನ್ಸ್ ಸಾಕು. ಲೋಹದ ನಿಬ್ಬು ಒತ್ತಿದಲ್ಲಿ ಗೆರೆಯ ಎರಡೂ ಅಂಚಿಗೆ ಸೀಳುಗುರುತು ಬೀಳುತ್ತದೆ, ಗೆರೆಗಳು ದಾಟುವಲ್ಲಿ ಬಣ್ಣ ಗಾಢವಾಗುತ್ತದೆ, ಪೆನ್ನು ಎತ್ತಿದಲ್ಲಿ ಶಾಯಿ ನಿಂತಿರುತ್ತದೆ. ಅಚ್ಚಿನದು ಉದ್ದಕ್ಕೂ ಒಂದೇ ಕಪ್ಪು. ರಬ್ಬರ್ ಮೊಹರಿನದಾದರೆ ಅಂಚು ದಟ್ಟ, ನಡುವೆ ತೆಳು. ಚುಕ್ಕಿಚುಕ್ಕಿಯಾಗಿ ಕಂಡರೆ ಪ್ರಿಂಟರ್‌ನ ಕೆಲಸ. ಬಾಲ್‌ಪೆನ್ನಿನಲ್ಲಿ 1916ರ ಸಹಿ ಕಂಡರೆ ಲೆನ್ಸೂ ಬೇಡ, ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಕಾಗದ. ಕತ್ತಲೆಯಲ್ಲಿ 365 ನ್ಯಾನೋಮೀಟರ್‌ನ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿಯಿರಿ. ನೀಲಿಬಿಳುಪಾಗಿ ಹೊಳೆದರೆ ಅನುಮಾನಪಡಿ, ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಕಳ್ಳರು ಹಳೆಯ ಪುಸ್ತಕದ ಖಾಲಿ ಹಾಳೆ ಹರಿದುಕೊಳ್ಳುತ್ತಾರೆ. ಶಾಯಿ ಹರಡದಿರಲೆಂದು ಅಂಥ ಹಾಳೆಗೆ ಹಾಕಿದ್ದ ಅಂಟು ಸತ್ತಿರುವುದರಿಂದ ಹೊಸ ಶಾಯಿ ನಾರುನಾರಾಗಿ ಹರಡಿರುತ್ತದೆ.

ನನ್ನ ತಕರಾರು ಬೇರೆಯೇ ಇದೆ. ಸಹಿಯ ಹಿಂದೆ ಬಿದ್ದವರು ಹೆಸರನ್ನೇ ಓದುವುದಿಲ್ಲ. ಆ ಕಂಚಿನ ಫಲಕದಲ್ಲಿ ಮಡಿದವನ ಹೆಸರಷ್ಟೇ ಇದೆ, ಹುದ್ದೆಯಿಲ್ಲ, ಪಡೆಯಿಲ್ಲ. ಅವೆರಡೂ ಇರುವುದು ಜೊತೆಗೆ ಬಂದ ಕಾಗದದ ಸುರುಳಿಯಲ್ಲಿ. ಮಾರುವವರು ಎರಡನ್ನೂ ಬೇರೆ ಮಾಡಿದರೆ ಆ ಮನುಷ್ಯ ಯಾರೆಂಬುದೇ ಕಳೆದುಹೋಗುತ್ತದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕಾದಿದ, ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್‌ನ ಸವಾರನೊಬ್ಬನ ಡಿಸ್ಚಾರ್ಜ್ (ಸೇನೆಯಿಂದ ಬಿಡುಗಡೆಯ) ಪತ್ರ, ನಂಬರು, ಊರು, ಸೇರಿದ ತಾರೀಖಿನ ಸಮೇತ ಸಿಕ್ಕಿತೆನ್ನಿ. ಅದಕ್ಕೆ ರುಜು ಹಾಕಿದ ಅಧಿಕಾರಿ ಯಾರಿಗೂ ಗೊತ್ತಿಲ್ಲದವನಾದರೂ ದೊರೆಯ ಸಹಿಗಿಂತ ಅದೇ ದೊಡ್ಡದು.

ಸಿಕ್ಕಿದ್ದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಹೋದರೆ ಅದು ಕಾಗದವನ್ನು ಕಿತ್ತುಕೊಂಡೇ ಬರುತ್ತದೆ. ಸೆಲ್ಲೋಟೇಪ್ ಹಳದಿಯಾಗಿ ಒಳಗಿಳಿಯುತ್ತದೆ. ತುಕ್ಕಿನ ಪಿನ್ನು ತೆಗೆದು, ಆಮ್ಲರಹಿತ ಕಾಗದದ ಫೋಲ್ಡರ್‌ನಲ್ಲಿ ಮಲಗಿಸಿಡಿ. ತೇವಾಂಶ ಶೇ. 50ರ ಆಸುಪಾಸಿನಲ್ಲಿರಲಿ, ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರು ಬೇಡವೇ ಬೇಡ. ಲಕೋಟೆ ಎಸೆಯಬೇಡಿ, ಅಂಚೆಮುದ್ರೆಯೂ ಸಾಕ್ಷಿಯೇ.

ವಿದೇಶದವರು ಒಳ್ಳೆಯ ಬೆಲೆ ಕೇಳಿದರೆಂದು ಪಾರ್ಸೆಲ್ ಮಾಡುವ ಮುನ್ನ 1972ರ ಪುರಾವಸ್ತು ಕಾಯ್ದೆ ನೋಡಿಕೊಳ್ಳಿ. ಐತಿಹಾಸಿಕ ಮಹತ್ವದ ದಾಖಲೆಗೆ 75 ವರ್ಷ ತುಂಬಿದ್ದರೆ ಅದು ಪುರಾವಸ್ತು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಎರಡನೇ ಮಹಾಯುದ್ಧದ ಕಾಗದಗಳೂ ಈಗ ಆ ವಯಸ್ಸು ದಾಟಿವೆ.