13ನೇ ನಂಬರಿನ ಆಸೆ

ಬೆಂಗಳೂರಿನ ಮೆಟ್ರೋ ಸ್ಟೇಷನ್ನಿನಲ್ಲಿ, ಮಾಲ್‌ಗಳ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಕುಂಯ್‌ಗುಡುತ್ತಲೇ ಇರುತ್ತದೆ. ಬೆಲ್ಟಿನ ಬಕಲ್ಲು, ಬೀಗದ ಕೈ, ಮಧ್ಯಾಹ್ನದ ಬುತ್ತಿಯ ಡಬ್ಬಿ, ಎಲ್ಲಕ್ಕೂ ಒಂದೇ ರಾಗ. ಕಾವಲಿನವರು ತಲೆ ಎತ್ತುವುದಿಲ್ಲ, ಒಳಗೆ ಹೋಗುವವರು ಹೆಜ್ಜೆ ನಿಲ್ಲಿಸುವುದಿಲ್ಲ. ಅದೇ ಯಂತ್ರಕ್ಕೆ ಒಂದು ಕೋಲು ಜೋಡಿಸಿ, ತುದಿಗೆ ತಂತಿಸುರುಳಿಯ ಕಾಯಿಲ್ ಕಟ್ಟಿ, ಸಮುದ್ರದ ದಂಡೆಗೆ ಒಯ್ದು ನೋಡಿ. ನಡುವಯಸ್ಸು ದಾಟಿದ, ಮಂಡಿನೋವಿಗೆ ದಿನಾ ಎಣ್ಣೆ ತಿಕ್ಕಿಸಿಕೊಳ್ಳುವ ಗೃಹಸ್ಥ ಅದೇ ಕುಂಯ್ ಕೇಳಿದ್ದೇ ತಡ ದಢಕ್ಕನೆ ಮಂಡಿಯೂರಿ ಮರಳು ಗೋರಲು ಶುರುಮಾಡುತ್ತಾನೆ. ಆ ಗೃಹಸ್ಥರ ಪೈಕಿ ಈಗ ನಾನೂ ಒಬ್ಬ.

ನಾನಿರುವುದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ. ಕೊಕೊ ಬೀಚ್ ಕಾರಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ದಂಡೆಗುಂಟ ದಕ್ಷಿಣಕ್ಕೆ ಹೋದರೆ ಸೆಬಾಸ್ಟಿಯನ್ ಇನ್ಲೆಟ್. ಆ ಸೀಮೆಗೆ ಟ್ರೆಷರ್ ಕೋಸ್ಟ್ ಎಂದೇ ಹೆಸರು, ಹೆಸರಿಗೆ ಆಧಾರವೂ ಇದೆ. 1715ರ ಜುಲೈನಲ್ಲಿ ಹವಾನಾದಿಂದ ಬೆಳ್ಳಿ ಬಂಗಾರ ತುಂಬಿಕೊಂಡು ಸ್ಪೇನಿಗೆ ಹೊರಟ ಹಡಗುಗಳ ದಂಡು ಇಲ್ಲಿ ಚಂಡಮಾರುತಕ್ಕೆ ಸಿಕ್ಕಿತು. ಹನ್ನೆರಡರಲ್ಲಿ ಹನ್ನೊಂದು ಹಡಗು ಒಂದೇ ರಾತ್ರಿ ಮುರಿದು ಮುಳುಗಿದವು. ಬದುಕುಳಿದವರು ದಂಡೆಯಲ್ಲೇ ಬಿಡಾರ ಹೂಡಿ, ಮುಳುಗಿದ್ದನ್ನು ಎತ್ತಿಸಿ ರಾಶಿ ಹಾಕಿದರು. ಸುದ್ದಿ ತಿಳಿದ ಹೆನ್ರಿ ಜೆನ್ನಿಂಗ್ಸ್ ಎಂಬ ಇಂಗ್ಲಿಷ್ ಹಡಗುಗಳ್ಳ ಜಮೈಕಾದಿಂದ ಬಂದು ಆ ರಾಶಿಯಲ್ಲಿ ಕೈಲಾದಷ್ಟನ್ನು ಬಾಚಿಕೊಂಡು ಹೋದ. ಸಮುದ್ರದಿಂದ ಎತ್ತುವ ಕಷ್ಟ ಒಬ್ಬರದು, ಲಾಭ ಇನ್ನೊಬ್ಬರದು. ಗುತ್ತಿಗೆ ವ್ಯವಹಾರ ಆಗಲೂ ಹೀಗೇ ಇತ್ತು.

ಉಳಿದದ್ದು ಇನ್ನೂರು ಚಿಲ್ಲರೆ ವರ್ಷ ಅಲೆಗಳ ಪಾಲಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಿಪ್ ವ್ಯಾಗ್ನರ್ ಎಂಬ ಮನೆ ಕಟ್ಟಿಸುವ ಕಂಟ್ರಾಕ್ಟರಿಗೆ ಇಲ್ಲಿನ ದಂಡೆಯಲ್ಲಿ ಬೆಳ್ಳಿ ನಾಣ್ಯ ಸಿಗತೊಡಗಿದವು. ಆತ ಸೈನ್ಯ ಬೇಡವೆಂದು ಮಾರಿದ್ದ ಮೈನ್ ಡಿಟೆಕ್ಟರೊಂದನ್ನು ಕೊಂಡು ದಿಬ್ಬದ ಮೇಲೆ ಓಡಾಡಿಸಿ ಆ ಹಳೆಯ ಬಿಡಾರದ ಜಾಗವನ್ನೇ ಪತ್ತೆ ಹಚ್ಚಿದ. ಈಗ ಅಲ್ಲಿ ಮೆಕ್‌ಲಾರ್ಟಿ ಎಂಬ ಪುಟ್ಟ ಮ್ಯೂಸಿಯಂ ಇದೆ. ಅದನ್ನು ನೋಡಿ ಹೊರಬಂದ ಗಂಡಸರ ಮುಖದಲ್ಲಿ ಒಂದು ಬಗೆಯ ಕಳೆ ಇರುತ್ತದೆ. ಅವರ ಹೆಂಡತಿಯರಿಗೆ ಅದರ ಅರ್ಥ ಗೊತ್ತು. ನನ್ನ ಹೆಂಡತಿ ಪಾರ್ಕಿಂಗ್ ಜಾಗದಲ್ಲೇ ಕೇಳಿದಳು: "ಎಷ್ಟಾಗುತ್ತೆ ಆ ಮಿಷನ್ನು?"

ನಮ್ಮ ಕಡೆ ನಿಧಿ ಎಂದರೆ ಅಮಾವಾಸ್ಯೆ ರಾತ್ರಿ, ಅಂಜನ ಹಾಕಿ ನೋಡುವವನು, ಕಾವಲಿಗೆ ಸರ್ಪ, ಹಾಳುಗುಡಿಯ ಪೀಠ ಕಿತ್ತು ಗುಂಡಿ ತೋಡಿದವರ ಬೆನ್ನಟ್ಟಿದ ಪೊಲೀಸರು. ಹಳೆಯ ಕ್ರಯಪತ್ರ ಬಿಚ್ಚಿ ನೋಡಿ, ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯ ಎಂದು ಅಷ್ಟಭೋಗಗಳನ್ನೂ ಬರೆದುಕೊಟ್ಟಿರುತ್ತಾರೆ. ಎಂಟರಲ್ಲಿ ಮೊದಲನೆಯದೇ ನಿಧಿ. ಇತ್ತ 1878ರ ನಿಧಿ ಕಾಯಿದೆ ಮಾತ್ರ, ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿ ಬೆಲೆ ದಾಟಿದರೆ ಕಲೆಕ್ಟರಿಗೆ ತಿಳಿಸು ಎನ್ನುತ್ತದೆ. ಹೀಗಾಗಿ ನಮ್ಮಲ್ಲಿ ನಿಧಿ ಹುಡುಕುವವನು ಹೊರಡುವುದು ಕತ್ತಲಲ್ಲಿ. ಇಲ್ಲಿ ಬಿಸಿಲಿಗೆ ಟೋಪಿ ಹಾಕಿಕೊಂಡು, ಮೂಗಿಗೆ ಸನ್‌ಸ್ಕ್ರೀನ್ ಬಳಿದುಕೊಂಡು, ಎಲ್ಲರೆದುರೇ ಹುಡುಕುತ್ತಾರೆ. ಗುಟ್ಟಿಲ್ಲದ ನಿಧಿಶೋಧ ಒಗ್ಗಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಮೊದಮೊದಲು ಯಾರಾದರೂ ಹತ್ತಿರ ಬಂದರೆ ಫೋನ್ ನೋಡುವವನಂತೆ ನಟಿಸುತ್ತಿದ್ದೆ.

ಯಂತ್ರದ ಒಳಗುಟ್ಟು ಸರಳ. ಕಾಯಿಲ್‌ನಲ್ಲಿ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು ಹರಿದು ಮರಳಿನೊಳಕ್ಕೆ ಕಾಂತಕ್ಷೇತ್ರ ಇಳಿಯುತ್ತದೆ. ಅದು ಲೋಹಕ್ಕೆ ತಾಗಿದರೆ ಲೋಹದಲ್ಲಿ ಪುಟ್ಟ ಸುಳಿವಿದ್ಯುತ್ ಹುಟ್ಟಿ, ಅದರಿಂದ ಒಂದು ಮರುಕ್ಷೇತ್ರ ಮೇಲೆ ಬರುತ್ತದೆ, ತುಸು ತಡವಾಗಿ. ಎಷ್ಟು ತಡ ಎಂಬುದರ ಮೇಲೆ ಯಂತ್ರ ಒಂದು ನಂಬರ್ ತೋರಿಸಿ ಒಂದು ದನಿ ಹೊರಡಿಸುತ್ತದೆ. ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಬೆಳ್ಳಿ, ತಾಮ್ರಕ್ಕೆ ದೊಡ್ಡ ನಂಬರು, ತೆಳು ದನಿ. ಬೇಗಡೆ ಹಾಳೆಗೆ ಸಣ್ಣ ನಂಬರು, ದಪ್ಪ ದನಿ. ನನ್ನ ಯಂತ್ರವಾದ ಈಕ್ವಿನಾಕ್ಸ್‌ನಲ್ಲಿ ಅಮೆರಿಕದ ಐದು ಸೆಂಟಿನ ನಿಕಲ್ ನಾಣ್ಯ 12-13ರಲ್ಲಿ ಕೂಗುತ್ತದೆ. ಆ ಆಸುಪಾಸಿನಲ್ಲೇ ಎಷ್ಟೋ ಚಿನ್ನದ ಉಂಗುರಗಳೂ ಕೂಗುತ್ತವೆ. ಇಲ್ಲಿಯ ಉಂಗುರಗಳು ಬಹುಪಾಲು 14 ಕ್ಯಾರೆಟ್ಟಿನವು. ನೂರಕ್ಕೆ ಐವತ್ತೆಂಟು ಭಾಗ ಚಿನ್ನ, ಉಳಿದದ್ದು ಬೆರಕೆ. ಬೆರಕೆ ಹೆಚ್ಚಾದಷ್ಟೂ ವಿದ್ಯುತ್ ಹರಿಸುವ ಗುಣ ಕುಸಿಯುತ್ತದೆ.

ಸರಿ, 13 ಬಂದಾಗ ಅಗೆದರಾಯಿತಲ್ಲ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಹೊರಟವನು. ಆದರೆ ಆ ನಂಬರಿನಲ್ಲಿ ಇನ್ನೊಬ್ಬ ಕೂತಿದ್ದಾನೆ: ಕೋಲಾ, ಬಿಯರ್ ಡಬ್ಬಿಗಳ ಪುಲ್ ಟ್ಯಾಬ್. 1960ರ ದಶಕದಲ್ಲಿ ಎರ್ಮಲ್ ಫ್ರೇಜ್ ಎಂಬ ಒಹಾಯೊದ ಎಂಜಿನಿಯರ್ ಡಬ್ಬಿಯ ಬಾಯಿಗೆ ಈ ಕೊಂಡಿ ಇಟ್ಟ. ಪಿಕ್ನಿಕ್ಕಿಗೆ ಹೋಗಿದ್ದಾಗ ಓಪನರ್ ಮರೆತು, ಕಾರಿನ ಬಂಪರಿಗೆ ಕುಕ್ಕಿ ಡಬ್ಬಿ ತೆರೆಯಬೇಕಾಗಿ ಬಂದದ್ದೇ ಇದಕ್ಕೆ ಪ್ರೇರಣೆಯಂತೆ. ಆ ಕಾಲದ ಕೊಂಡಿ ಎಳೆದರೆ ಪೂರ್ತಿ ಕಿತ್ತು ಕೈಗೆ ಬರುತ್ತಿತ್ತು. ಕೈಗೆ ಬಂದದ್ದನ್ನು ಜನ ಮರಳಿಗೆ ಎಸೆದರು. ಕಿತ್ತುಬರದ ಕೊಂಡಿ 1975ರಲ್ಲಿ ಬರುವ ಹೊತ್ತಿಗೆ ದಂಡೆಗಳೆಲ್ಲ ಬಿತ್ತನೆ ಮುಗಿಸಿದ್ದವು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಆಕಾರವೂ ಉಂಗುರದ್ದೇ. ಅದರ ಕೂಗು ಚಿನ್ನದ ಕೂಗಿನಷ್ಟೇ ಶುದ್ಧ, ಎರಡೂ ದಿಕ್ಕಿನಿಂದ ಕಾಯಿಲ್ ಆಡಿಸಿದರೂ ಒಂದೇ ನಂಬರು. ಬಾಟಲಿಯ ಕಬ್ಬಿಣದ ಮುಚ್ಚಳವಾದರೆ ನಂಬರು ಕುಣಿದಾಡಿ ತಾನು ಯಾರೆಂದು ಬಿಟ್ಟುಕೊಡುತ್ತದೆ. ಪುಲ್ ಟ್ಯಾಬ್ ಕೊನೆಯವರೆಗೂ ಸಭ್ಯಸ್ಥ.

ಕಸ ಬೇಡವೆಂದರೆ ಯಂತ್ರದಲ್ಲಿ ಡಿಸ್ಕ್ರಿಮಿನೇಷನ್ ಇದೆ. 13ಕ್ಕೆ ಕಿವುಡಾಗು ಎಂದರೆ ಆಗುತ್ತದೆ. ಆದರೆ ಆಗ ಚಿನ್ನಕ್ಕೂ ಕಿವುಡಾಗುತ್ತದೆ. ಉಂಗುರ ಬೇಕಾದವನು ಕೊಂಡಿಗಳನ್ನೂ ಅಗೆಯಲೇಬೇಕು. ದಂಡೆಯಲ್ಲಿ ಪಳಗಿದ ಅಜ್ಜಂದಿರ ಸೊಂಟದಲ್ಲಿ ಎರಡು ಚೀಲಗಳಿರುತ್ತವೆ, ಕಸದ್ದು ದೊಡ್ಡದು, ಇನ್ನೊಂದು ಜೇಬಿನಷ್ಟು. ಅವರ ಅನುಭವವೆಲ್ಲ ಆ ಅಳತೆಯಲ್ಲೇ ಇದೆ.

ಅಭ್ಯಾಸಕ್ಕೆ ಮೊದಲು ಗೊತ್ತಿರುವ ವಸ್ತುಗಳನ್ನು ಹೂತು, ಅವುಗಳ ದನಿ ಕೇಳಿಸಿಕೊಳ್ಳಬೇಕು ಎನ್ನುತ್ತಾರೆ. ಕಾಯಿಲ್ ಮರಳಿಗೆ ಸಮನಾಗಿ, ಬೆರಳೆರಡರ ಎತ್ತರದಲ್ಲಿ ಹೋಗಬೇಕು. ಹೊಸಬರು ಪೊರಕೆ ಬೀಸಿದಂತೆ ಎರಡು ತುದಿಯಲ್ಲೂ ಎತ್ತಿಬಿಡುತ್ತಾರೆ. ನಾಣ್ಯಗಳನ್ನು ಹೂತು ಕೇಳಿದ್ದಾಯಿತು. ಚಿನ್ನಕ್ಕಾಗಿ ಹೆಂಡತಿಯ ಬಳೆ ಕೇಳಿದೆ.

"ನನ್ನ ಬಳೆ ಕೊಡಲ್ಲ ರೀ. ಬೇಕಾದ್ರೆ ನಿಮ್ಮ ಉಂಗುರ ಹೂತ್ಕೊಳ್ಳಿ."

"ಸಿಗದೇ ಹೋದ್ರೆ?"

"ಸಿಗದೇ ಹೋಗೋ ಹಾಗಿದ್ರೆ ಆ ಮಿಷನ್ ಯಾಕೆ ತಂದ್ರಿ?"

ತರ್ಕಕ್ಕೆ ಉತ್ತರವಿರಲಿಲ್ಲ. ಮಾವ ಮದುವೆಯಲ್ಲಿ ತೊಡಿಸಿದ ಉಂಗುರಕ್ಕೆ ಗಟ್ಟಿಯಾದ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಬಿಗಿದುಕೊಂಡು, ಒಂದು ಗೇಣು ಆಳದಲ್ಲಿ ಹೂತೆ. 22 ಕ್ಯಾರೆಟ್ಟಿನ ದಪ್ಪ ಉಂಗುರ ಅದು, 13ರ ಹತ್ತಿರ ಸುಳಿಯಲೇ ಇಲ್ಲ. ಬಹಳ ಮೇಲೆ ಕೂಗಿತು. ಚಿನ್ನಕ್ಕೆ ಒಂದು ಮನೆ ಎಂಬುದಿಲ್ಲ, ಸಣ್ಣ ಓಲೆಯಾದರೆ ಬೇಗಡೆಯ ಮನೆಯಲ್ಲೂ ಇರಬಹುದು ಎಂದು ಆವತ್ತು ಕಿವಿಗೆ ತಿಳಿಯಿತು. ಅತ್ತ ಹಾಯುತ್ತಿದ್ದ ಮುದುಕನೊಬ್ಬ ದಾರ ನೋಡಿ, ಹೆಬ್ಬೆರಳು ನೋಡಿ, ಏನೂ ಮಾತಾಡದೆ ಟೋಪಿ ತೆಗೆದು ವಂದಿಸಿ ಹೋದ.

ಒಣಮರಳಿನ ಪಾಠ ಮುಗಿಸಿ ನೀರಂಚಿಗೆ ಹೋದರೆ ವಿದ್ಯೆಯೆಲ್ಲ ಮೊದಲಿನಿಂದ. ಉಪ್ಪುನೀರೇ ವಿದ್ಯುತ್ ಹರಿಸುವುದರಿಂದ ಯಂತ್ರಕ್ಕೆ ಇಡೀ ಸಮುದ್ರ ಒಂದು ಲೋಹದಂತೆ ಕೇಳಿ ಬಡಬಡಿಸುತ್ತದೆ. ಒಂದೇ ಫ್ರೀಕ್ವೆನ್ಸಿಯ ಅಗ್ಗದ ಯಂತ್ರಗಳು ಇಲ್ಲಿ ಕೈಚೆಲ್ಲುತ್ತವೆ. ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಿಡುವವು, ಇಲ್ಲವೇ ಕರೆಂಟನ್ನು ತುಂಡು ತುಂಡಾಗಿ ಮಿಡಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು ಬೇಕು. ಸೆನ್ಸಿಟಿವಿಟಿ ಕಡಿಮೆ ಮಾಡಿದರೆ ಕಾಣುವುದು ಹೆಚ್ಚು. ಇದನ್ನು ಒಪ್ಪಿಕೊಳ್ಳಲು ಹೊಸಬರಿಗೆ ಮನಸ್ಸು ಬರುವುದಿಲ್ಲ. ಆಸೆ ಯಾವಾಗಲೂ ಯಂತ್ರದ ಗುಂಡಿಯನ್ನು ಮೇಲಕ್ಕೇ ತಿರುಗಿಸುತ್ತದೆ.

ಟೆಲಿಫೋನಿನ ಗ್ರಹಾಂ ಬೆಲ್ ಸಾಹೇಬರಿಗೂ ಈ ಕಾಟ ತಪ್ಪಲಿಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕಲು ಅವರು ಇಂಥದೇ ಯಂತ್ರ ಕಟ್ಟಿ ತಂದರು. ಹಾಸಿಗೆಯಡಿಯ ಲೋಹದ ಸ್ಪ್ರಿಂಗ್ ದನಿಯನ್ನು ಕೆಡಿಸಿತು ಎನ್ನುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ವೈದ್ಯ ಬ್ಲಿಸ್‌ರದ್ದು. ಗುಂಡು ಬಲಗಡೆ ಇದೆ ಎಂದು ನಂಬಿದ್ದ ಅವರು ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ದಂಡೆಯಲ್ಲಿ ನನಗೆ ಇಷ್ಟವಾದ ಜಾಗದಲ್ಲೇ ಮತ್ತೆ ಮತ್ತೆ ಕಾಯಿಲ್ ಆಡಿಸುವಾಗ ಬ್ಲಿಸ್‌ರ ಮೇಲೆ ಸಿಟ್ಟು ಮಾಡಲು ನನಗೆ ಹಕ್ಕಿಲ್ಲ ಅನ್ನಿಸುತ್ತದೆ. ಬೆಲ್ಲರ ಮೇಲೇ ಒಲವು ಹೆಚ್ಚು. ಇನ್ನೊಬ್ಬ ನನಗೆ ಪ್ರಿಯನಾದವನು ಯೂಜೆಫ್ ಕೊಸಾಟ್ಸ್ಕಿ. ನೆಲಬಾಂಬು ಹುಡುಕುವ ಯಂತ್ರ ಮಾಡಿ, ಪೇಟೆಂಟು ಕೇಳದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟ ಪೋಲಿಷ್ ಅಧಿಕಾರಿ. 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಮರಳುಗಾಡಿನಲ್ಲಿ ಸೈನಿಕರು ಅದನ್ನೇ ಹಿಡಿದು ದಾರಿ ಬಿಡಿಸಿದರು. ಅವರಿಗೆ ಕುಂಯ್ ಕೇಳಿಸದಿದ್ದರೇ ನೆಮ್ಮದಿ.

ಎಲ್ಲಿ ಬೇಕಾದರೂ ಅಗೆಯುವ ಹಾಗಿಲ್ಲ. ಉತ್ತರಕ್ಕಿರುವ ಕೆನವರಲ್ ನ್ಯಾಷನಲ್ ಸೀಶೋರ್‌ನಲ್ಲಿ ಡಿಟೆಕ್ಟರ್ ಹಿಡಿದು ಹುಡುಕುವುದು ನಿಷಿದ್ಧ, ನ್ಯಾಷನಲ್ ಪಾರ್ಕುಗಳ ಕಾನೂನು ಹಾಗೆ. ದಕ್ಷಿಣದ ಆರ್ಚಿ ಕಾರ್ ರಕ್ಷಿತ ದಂಡೆಗೆ ಬೇಸಿಗೆಯಲ್ಲಿ ಲಾಗರ್‌ಹೆಡ್ ಕಡಲಾಮೆಗಳು ರಾತ್ರಿ ಬಂದು ಮರಳು ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತವೆ. ಗೂಟ ನೆಟ್ಟ ಜಾಗದ ಹತ್ತಿರ ಸುಳಿಯಬಾರದು. ಬೇರೆ ಕಡೆಯೂ ತೋಡಿದ ಗುಂಡಿ ಮುಚ್ಚಿಯೇ ಏಳಬೇಕು, ಇಲ್ಲವಾದರೆ ನೀರಿನ ಕಡೆ ಹೊರಟ ಮರಿಗಳು ಅದರಲ್ಲಿ ಬಿದ್ದು ಮೇಲೆ ಬರಲಾರವು. ಇದು ಮಾತ್ರ ನನಗೆ ಯಾರೂ ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮನ ಚಿಂತೆ ಬೇರೆ. "ಸಿಕ್ಕಿದ ಚಿನ್ನ ಒಳ್ಳೇದಲ್ಲ ಕಣೋ. ಯಾರ ಕಣ್ಣೀರಿನದೋ ಏನೋ. ಸಿಕ್ಕಿದ್ರೆ ಹುಂಡಿಗೆ ಹಾಕ್ಬಿಡು." ಇಲ್ಲಿನವರು ಅದನ್ನೇ ಬೇರೆ ಬಗೆಯಲ್ಲಿ ಪಾಲಿಸುತ್ತಾರೆ. ಒಳಗಡೆ ಹೆಸರು, ತಾರೀಖು ಕೊರೆದ ಉಂಗುರ ಸಿಕ್ಕಿದರೆ ಒಡೆಯರನ್ನು ಹುಡುಕಿ ಒಪ್ಪಿಸುವುದನ್ನೇ ದೊಡ್ಡ ಬೇಟೆ ಎಂದುಕೊಂಡವರು ಇದ್ದಾರೆ. ಸನ್‌ಸ್ಕ್ರೀನ್ ಜಿಡ್ಡಿಗೆ, ತಣ್ಣೀರಿಗೆ ಬೆರಳು ಸಣ್ಣಗಾಗಿ ಉಂಗುರ ಜಾರಿಹೋಗುತ್ತದೆ. ಸ್ಪೇನಿನ ದೊರೆ ಕಳೆದುಕೊಂಡದ್ದಕ್ಕಿಂತ ಕಳೆದ ಭಾನುವಾರ ಯಾರೋ ಕಳೆದುಕೊಂಡದ್ದು ಸಿಗುವ ಸಂಭವವೇ ಹೆಚ್ಚು.

ದಂಡೆಯಲ್ಲಿ ಹಾಯುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಒಂದೇ: ಏನಾದರೂ ಸಿಕ್ಕಿತಾ? ಪಳಗಿದವರು ಇದಕ್ಕೆ ನಿಜ ಹೇಳುವುದನ್ನು ನಾನು ಕಂಡಿಲ್ಲ. ಮೊನ್ನೆ ಬಿರುಗಾಳಿ ದಂಡೆಯನ್ನು ಕೊರೆದು ಹಳೆಯ ಪದರ ತೆರೆದಿಟ್ಟ ಮಾರನೆಯ ಬೆಳಿಗ್ಗೆ, ಹೆಡ್‌ಫೋನ್ ಹಾಕಿದ ಅಜ್ಜನೊಬ್ಬ ಸ್ಕೂಪಿನಿಂದ ಏನನ್ನೋ ಹೆಕ್ಕಿ ಸರಕ್ಕನೆ ಸಣ್ಣ ಚೀಲಕ್ಕೆ ಸೇರಿಸಿದ್ದನ್ನು ಕಣ್ಣಾರೆ ನೋಡಿದೆ. ಕೇಳಿದ್ದಕ್ಕೆ "ಪುಲ್ ಟ್ಯಾಬ್" ಎಂದ. ಅವನು ನನ್ನನ್ನೂ ಕೇಳಿದ. ನಾನೂ ಜೇಬಿನ ಮೇಲೆ ಕೈಯಿಟ್ಟುಕೊಂಡು ಪುಲ್ ಟ್ಯಾಬ್ ಎಂದೆ.